ಇನ್ವರ್ಟರ್ ದೊಡ್ಡದಾದರೆ ಬಿಸಿಲು ಹೆಚ್ಚೋದಿಲ್ಲ ಮಗಾ

ಹರದನಹಳ್ಳಿ ಮನೆ ತಾರಸಿ ಮೇಲೆ ಸೋಲಾರ್ ಹಾಕಿಸುತ್ತೀಯಂತೆ. ಒಳ್ಳೇದಾಯಿತು, ನನಗೂ ಖುಷಿ. ಆದರೆ ಫೋನಿನಲ್ಲೇ ‘5 ಕಿಲೋವ್ಯಾಟ್ ಇನ್ವರ್ಟರ್ ಬುಕ್ ಮಾಡಿಬಿಡ್ತೀನಿ ತಾತ’ ಅಂದೆಯಲ್ಲ, ಅಲ್ಲಿ ಸ್ವಲ್ಪ ತಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ನಿನ್ನಂಥ ಜಾಣರನ್ನು ನೋಡಿಯೇ ಹೇಳಿದ್ದು.

ಇನ್ವರ್ಟರ್ ಕರೆಂಟು ಹುಟ್ಟಿಸೋದಿಲ್ಲ, ಕೂಡಿಡೋದೂ ಇಲ್ಲ. ಹುಟ್ಟಿಸೋದು ಪ್ಯಾನೆಲ್, ಕೂಡಿಡೋದು ಬ್ಯಾಟರಿ. ಇನ್ವರ್ಟರ್ ಕೆರೆಯ ತೂಬಿದ್ದ ಹಾಗೆ. ಒಂದು ಹೊತ್ತಿಗೆ ಎಷ್ಟು ಹರಿಯಬಹುದು ಅನ್ನೋದಷ್ಟೇ ಅದರ ಕೈಲಿರೋದು. ನಮ್ಮ ಕಡೆ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ, ಆಷಾಢದ ಮೋಡಕ್ಕೆ ಅದೂ ಇಳಿಯುತ್ತೆ. 2 ಕಿಲೋವ್ಯಾಟ್ ಪ್ಯಾನೆಲ್ ಹಾಕಿ 5 ಕಿಲೋವ್ಯಾಟ್ ಇನ್ವರ್ಟರ್ ತಂದರೆ ಆ 8 ಯೂನಿಟ್ 20 ಆಗುತ್ತಾ? ಸಬ್ಸಿಡಿಯೂ ಹೆಚ್ಚೋದಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಅದರ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ.

ತೀರಾ ಚಿಕ್ಕದೂ ಬೇಡ. 5 ಕಿಲೋವ್ಯಾಟ್ ಪ್ಯಾನೆಲ್ ತಂದು 3 ಕಿಲೋವ್ಯಾಟ್ ಇನ್ವರ್ಟರಿಗೆ ಕಟ್ಟಿದರೆ ನೆತ್ತಿ ಮೇಲಿನ ಬಿಸಿಲಲ್ಲಿ ಮಿಕ್ಕಿದ್ದು ದಕ್ಕೋದಿಲ್ಲ. ಆದರೆ ಪ್ಯಾನೆಲ್ ಒಂಚೂರು ಹೆಚ್ಚಿದ್ದರೆ ತೊಂದರೆಯಿಲ್ಲ. ಧೂಳು, ಕಾವು, ಪಕ್ಕದ ತೆಂಗಿನ ಗರಿಯ ನೆರಳು ಎಲ್ಲ ಕಳೆದು, ಅದು ತನ್ನ ಬೆನ್ನ ಮೇಲೆ ಬರೆದಷ್ಟು ಕೊಡೋದೇ ಅಪರೂಪ.

ಇನ್ನು ಅಸಲು ಮಾತು. ನಿಮ್ಮಮ್ಮನನ್ನು ಕೇಳಿದೆಯಾ, ಅವಳಿಗೆ ಬೇಕಾದ್ದೇನು ಅಂತ? 2023ರಿಂದ ಗೃಹಜ್ಯೋತಿಯ ಉಚಿತ ಕರೆಂಟು ಇದೆ, ನಿಮ್ಮ ಮನೆ ಬಿಲ್ಲು ಸೊನ್ನೆ. ಇಳಿಸೋಕೆ ಬಿಲ್ಲೆಲ್ಲಿದೆ? ಅವಳ ಗೋಳು ಕರೆಂಟು ಹೋದ ರಾತ್ರಿಯ ಕತ್ತಲಿನದು. ಬ್ಯಾಟರಿಯಿಲ್ಲದೆ ಕರೆಂಟು ಕಂಪನಿ ಸೆಸ್ಕ್‌ನ ಲೈನಿಗೆ ಸೇರಿಸುವ ಇನ್ವರ್ಟರು ಕರೆಂಟು ಹೋದ ತಕ್ಷಣ ತಾನೂ ನಿಂತುಬಿಡುತ್ತೆ, ಸುಡು ಬಿಸಿಲಿದ್ದರೂ ಸರಿ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆ ಕರೆಂಟು ಹೊಡೆಯಬಾರದಲ್ಲ, ಅದಕ್ಕೇ ಹಾಗೆ ಮಾಡಿರೋದು. ಮಾರುವವರು ತಾವಾಗಿ ಹೇಳಲಿ ಅಂತ ಕಾಯಬೇಡ, ನೀನೇ ಬಾಯಿಬಿಟ್ಟು ಕೇಳು.

ಹಾಗಾಗಿ ಬ್ಯಾಟರಿ ಇರುವುದನ್ನೇ ಹಾಕಿಸು. ಅದಕ್ಕೂ ಮುಂಚೆ ರಜೆಯಲ್ಲಿ ಬಂದಾಗ, ಹತ್ತು ಗಂಟೆವರೆಗೆ ಹೊದ್ದು ಮಲಗದೆ, ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಕೂತು ನೋಡು. ಎಲ್‌ಇಡಿ ದೀಪ 9 ವ್ಯಾಟ್, ಫ್ಯಾನು 75, ಟಿವಿ ನೂರರ ಆಸುಪಾಸು, ಇವೆಲ್ಲ ಸಾಧು. ಅಮ್ಮ ಚಟ್ನಿಗೆ ಮಿಕ್ಸಿ ಹಾಕುತ್ತಾಳೆ, ಅದು 750. ಅದೇ ಹೊತ್ತಿಗೆ ನಿಮ್ಮಪ್ಪ ಸಂಪಿನ ಮೋಟಾರು ಒತ್ತುತ್ತಾನೆ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್ ಅಂತ ನೀನು ಲೆಕ್ಕ ಹೇಳಬಹುದು. ಆದರೆ ಹೊರಡುವ ಆ ಕ್ಷಣಕ್ಕೆ ಅದು ಹಲವು ಪಟ್ಟು ಎಳೆಯುತ್ತೆ. 850 ವಿಎ ಅಂತ ಬರೆದಿರೋ ಇನ್ವರ್ಟರಲ್ಲಿ ಸಿಗೋದು 700 ವ್ಯಾಟ್ ಆಸುಪಾಸು. ಕೀ ಅಂತ ಕೂಗಿ ಟ್ರಿಪ್ ಆಗುತ್ತೆ, ಚಟ್ನಿ ತರಿತರಿಯಾಗೇ ಉಳಿಯುತ್ತೆ.

ಅದಕ್ಕೆ ಅಂತ ಭಾರಿ ಇನ್ವರ್ಟರ್ ತರಬೇಡ. ದೊಡ್ಡದು ಏನೂ ಕೆಲಸವಿಲ್ಲದೆ ಆನ್ ಆಗಿದ್ದರೂ ಬ್ಯಾಟರಿ ತಿನ್ನುತ್ತೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಇರೋದೇ ಹೆಸರಿಗೆ 1.8 ಯೂನಿಟ್, ದಿನಾ ಪೂರ್ತಿ ಬಸಿದರೆ ಅದರ ಆಯಸ್ಸೂ ಮುಗಿಯಿತು. 2000 ವ್ಯಾಟಿನ ಇಂಡಕ್ಷನ್ ಒಲೆ, ಗೀಸರು, ಆ ಮೋಟಾರು ಮೂರನ್ನೂ ಲೈನ್ ಕರೆಂಟಿಗೇ ಬಿಡು. ದೀಪ, ಫ್ಯಾನು, ಟಿವಿಗೆ ಬೇರೆ ವೈರು ಎಳೆಸಿ ಇನ್ವರ್ಟರಿಗೆ ಕೊಡಿಸು. ಫ್ರಿಜ್ಜೂ ಬೇಕು ಅಂದರೆ ಅದು ಹೊರಡುವಾಗಿನ ಎಳೆತ ತಡೆಯುತ್ತಾ ಅಂತ ಕೇಳಿ ತಗೋ. ಯಾವ ಸ್ವಿಚ್ಚು ಯಾವುದಕ್ಕೆ ಅಂತ ಕನ್ನಡದಲ್ಲಿ ದಪ್ಪಗೆ ಬರೆದು ಬೋರ್ಡಿನ ಪಕ್ಕ ಅಂಟಿಸು. ಬೆಂಗಳೂರು ಬಸ್ಸು ಹತ್ತುವ ಮುಂಚೆ, ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲ ಅಮ್ಮನ ಕೈಲೇ ಒಂದು ಸಲ ಹಾಕಿಸಿ ನೋಡು.