ಏರ್ ಫಿಲ್ಟರ್, ವಾರಂಟಿ ಮತ್ತು ಸಂಡೂರಿನ ಕೆಂಪು ಧೂಳು

ಹೊಸಪೇಟೆಯಲ್ಲಿ ಗ್ಯಾರೇಜು ಇಟ್ಟವನಿಗೆ ಏರ್ ಫಿಲ್ಟರಿನ ಬಗ್ಗೆ ಒಂದು ಅಭಿಪ್ರಾಯ ತಾನಾಗೇ ಬೆಳೆಯುತ್ತದೆ. ಸಂಡೂರು, ತೋರಣಗಲ್ಲು ಕಡೆಯಿಂದ ಬಂದ ಯಾವ ಗಾಡಿಯ ಬಾನೆಟ್ ಎತ್ತಿದರೂ ಒಳಗೆಲ್ಲ ಅದಿರಿನ ಕೆಂಪು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೆಲ ಕಾಲ ಫಿಲ್ಟರ್ ಬಿಚ್ಚಿದರೆ ಬರೀ ಬೂದು ಮಣ್ಣು ಉದುರುತ್ತಿತ್ತು. ಗಣಿಗಳು ಒಂದೊಂದಾಗಿ ತೆರೆದ ಹಾಗೆ ಕೆಂಪೂ ವಾಪಸ್ ಬಂತು. ಸ್ವಂತ ಗ್ಯಾರೇಜಿಗೆ ಮುಂಚೆ ನಾನು ಶೋರೂಮೊಂದರಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ವಾರಂಟಿ ಕ್ಲೇಮಿನ ಕಾಗದಗಳು ನನ್ನ ಮೇಜು ದಾಟಿಯೇ ಕಂಪನಿಗೆ ಹೋಗುತ್ತಿದ್ದವು. "ಹೊರಗಿನ ಫಿಲ್ಟರ್ ಹಾಕಿಸಿದ್ರ ವಾರಂಟಿ ಹೋಗತದೇನ್ರೀ?" ಎಂದು ಕೇಳುವವರಿಗೆ ಈಗ ನಾನು ಹೇಳುವುದು ಇವು.

1. ಹೊರಗಿನ ಮಾಲೆಲ್ಲ ಒಂದೇ ಜಾತಿಯದಲ್ಲ

ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ಕಂಪನಿಗಳಿಂದ ಮಾಡಿಸಿಕೊಂಡು ತಮ್ಮ ಡಬ್ಬಿಯಲ್ಲಿ ಮಾರುತ್ತವೆ. ಮಾಹ್ಲೆ, ಮಾನ್ ಹುಮೆಲ್, ಬಾಷ್‌ನಂಥವರು ಅದೇ ಅಳತೆಯ ಕಾಗದದ ಫಿಲ್ಟರನ್ನು ತಮ್ಮ ಹೆಸರಿನ ಡಬ್ಬಿಯಲ್ಲೂ ಅಂಗಡಿಗೆ ಬಿಡುತ್ತಾರೆ. ಇದು ಮೊದಲ ಜಾತಿ. ಎರಡನೆಯದು ಎಣ್ಣೆ ಹಾಕಿದ ಹತ್ತಿ ಬಟ್ಟೆಯ ಫಿಲ್ಟರ್, ತೊಳೆದು ಮತ್ತೆ ಮತ್ತೆ ಬಳಸುವಂಥದ್ದು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಆಂಡ್ ಎನ್ ಇದರಲ್ಲಿ ದೊಡ್ಡ ಹೆಸರು. ಮೂರನೆಯದು ಹೆಸರಿಲ್ಲದ, ಇಲ್ಲವೇ ಬೇರೆಯವರ ಹೆಸರು ಹಚ್ಚಿಕೊಂಡ ಲೋಕಲ್ ಮಾಲು. ಯಾರಾದರೂ "ಹೊರಗಿಂದು ಹಾಕಸೀನ್ರೀ" ಅಂದರೆ ನಾನು ಮೊದಲು ಕೇಳುವುದು ಡಬ್ಬಿ ಎಲ್ಲಿದೆ ಅಂತ.

2. ಎಷ್ಟು ತಡೆಯಿತು ಅನ್ನಬೇಡಿ, ಎಷ್ಟು ಬಿಟ್ಟಿತು ಕೇಳಿ

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಹೊಸಪೇಟೆಯಿಂದ ಬಳ್ಳಾರಿ ಮುಟ್ಟುವಷ್ಟರಲ್ಲಿ ಒಂದು ಸಾಧಾರಣ ಕಾರು 30,000 ಲೀಟರಿಗೂ ಹೆಚ್ಚು ಗಾಳಿ ಕುಡಿದಿರುತ್ತದೆ, ಅದೂ ಅದಿರು ಲಾರಿಗಳ ಹಿಂದೆ.

ಫಿಲ್ಟರನ್ನು ಪರೀಕ್ಷೆ ಮಾಡಲು ಐಎಸ್‌ಒ 5011 ಎಂಬ ವಿಧಾನವಿದೆ. ಗೊತ್ತಾದ ಪ್ರಮಾಣದ ಧೂಳನ್ನು ಊದಿ, ಎಷ್ಟು ಹಿಡಿಯಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು, ಕಟ್ಟಿಕೊಳ್ಳುವ ಮೊದಲು ಎಷ್ಟು ಧೂಳು ತಡೆದುಕೊಂಡಿತು ಎಂದು ಅಳೆಯುತ್ತಾರೆ. ಒಂದು ಫಿಲ್ಟರ್ ಶೇ 99.5 ಹಿಡಿಯಿತು, ಇನ್ನೊಂದು ಶೇ 97 ಅನ್ನಿ. ಕೇಳಿದರೆ ಎರಡೂ ಒಳ್ಳೆಯವೇ ಅನಿಸುತ್ತದೆ. ಆದರೆ ಎಂಜಿನ್ನಿಗೆ ಲೆಕ್ಕ ಒಳಗೆ ಬಂದದ್ದರದು: ಒಂದರಲ್ಲಿ ನೂರಕ್ಕೆ ಅರ್ಧ, ಇನ್ನೊಂದರಲ್ಲಿ ಮೂರು. ಆರು ಪಟ್ಟು ಧೂಳು. ಬೆಂಗಳೂರಿನ ಡಾಂಬರಿನ ಮೇಲೆ ಆಫೀಸಿಗೆ ಹೋಗಿಬರುವ ಕಾರಿಗೆ ಈ ವ್ಯತ್ಯಾಸ ಹತ್ತು ವರ್ಷವಾದರೂ ಕಾಣದೇ ಹೋಗಬಹುದು. ಸಂಡೂರಿನ ಗಣಿ ರಸ್ತೆಯಲ್ಲಿ ಹಾಗಲ್ಲ. ಧೂಳಿನಲ್ಲಿರುವ ಸ್ಫಟಿಕದ ಕಣ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಬೋರಿಗೂ ರಿಂಗಿಗೂ ನಡುವೆ ಇರುವ ಆಯಿಲ್ ಪದರವೋ ಕೆಲವೇ ಮೈಕ್ರಾನ್. ರಿಂಗ್ ಸವೆದು ಗಾಡಿ ಆಯಿಲ್ ತಿನ್ನಲು ಶುರು ಮಾಡಿದಾಗ ಯಾರೂ ಫಿಲ್ಟರಿನ ಹೆಸರು ಎತ್ತುವುದಿಲ್ಲ, ಆಯಿಲ್ ಕಂಪನಿಯನ್ನು ಬೈಯುತ್ತಾರೆ.

ಕಾಗದದ ಫಿಲ್ಟರ್ ಬಳಸಿದಷ್ಟೂ ಚೆನ್ನಾಗಿ ಧೂಳು ಹಿಡಿಯುತ್ತದೆ, ಮೇಲೆ ಕೂತ ಧೂಳೇ ಇನ್ನೊಂದು ಪದರವಾಗುವುದರಿಂದ. ಹತ್ತಿಯದನ್ನು ತೊಳೆದಾಗಲೆಲ್ಲ ಆ ಪದರ ಹೋಗಿ ಮೊದಲಿನಿಂದ ಶುರು.

3. ಪಿಕಪ್ಪು, ಮೈಲೇಜು ಎರಡೂ ಬಹುಮಟ್ಟಿಗೆ ಕಿವಿಯ ಭ್ರಮೆ

ಹತ್ತಿಯ ಫಿಲ್ಟರ್ ಹಾಕಿಸಿದರೆ ಪಿಕಪ್ಪೂ ಮೈಲೇಜೂ ಏರುತ್ತದೆ ಎನ್ನುವವರಿದ್ದಾರೆ. ಫಿಲ್ಟರ್ ಕಟ್ಟಿಕೊಂಡರೆ ಏನಾಗುತ್ತದೆಂದು ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿತು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜು ಗಮನಿಸುವಷ್ಟು ಬೀಳಲಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪಿಕಪ್ಪು ಮಾತ್ರ ಕಡಿಮೆಯಾಯಿತು. ಕಾರಣ ಸರಳ. ಬರುವ ಗಾಳಿ ನೋಡಿಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಬಿಡುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಗಳ ಕಾಲದ ಮಾತನ್ನು ನಾವು ಇನ್ನೂ ಹೇಳುತ್ತಿದ್ದೇವೆ, ಅಷ್ಟೆ. ಕಟ್ಟಿದ ಫಿಲ್ಟರಿಗೇ ಮೈಲೇಜು ಬೀಳದಿದ್ದರೆ, ಚೊಕ್ಕ ಕಾಗದದ ಬದಲು ಹತ್ತಿ ಹಾಕಿದ್ದಕ್ಕೆ ಏರುವುದು ಎಲ್ಲಿಂದ? ಹತ್ತಿಯದು ಹಾಕಿದರೆ ಎಂಜಿನ್ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ, ಅದು ನಿಜ. ಆ ಸದ್ದಿಗೆ ನಾಲ್ಕೈದು ಸಾವಿರ ಕೊಡುವ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ.

4. ಕಾನೂನು ನಿಮ್ಮ ಕಡೆಗಿದೆ, ಜಾಬ್ ಕಾರ್ಡ್ ಅವರ ಕೈಯಲ್ಲಿದೆ

ಯೂಟ್ಯೂಬ್ ನೋಡಿಕೊಂಡು ಬರುವವರು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಹೆಸರು ಹೇಳುತ್ತಾರೆ. ವಾರಂಟಿ ಬೇಕಾದರೆ ನಮ್ಮದೇ ಬ್ರ್ಯಾಂಡಿನ ಭಾಗ ಹಾಕಬೇಕು ಎಂದು ಕಂಪನಿ ಷರತ್ತು ಹಾಕುವಂತಿಲ್ಲ ಎನ್ನುತ್ತದೆ ಅದು. ಆದರೆ ಅದು ಅಲ್ಲಿಯ ಕಾಯ್ದೆ, ಇಲ್ಲಿ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ತೋರಿಸಬೇಕಾದದ್ದು ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ 25ರ ಆದೇಶ. ಬಿಡಿಭಾಗಗಳ ಮಾರಾಟವನ್ನು ತಮ್ಮ ಕೈಯಲ್ಲೇ ಬಿಗಿ ಹಿಡಿದದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿದ ಆದೇಶ ಅದು. ದಂಡದ ಸುದ್ದಿ ಎಲ್ಲರೂ ಓದಿದರು. ಒಳಗಿನ ಇನ್ನೊಂದು ನಿರ್ದೇಶನ ನಮಗೆ ಮುಖ್ಯ: ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನುವಂತಿಲ್ಲ, ಆ ಕೆಲಸ ಕೆಟ್ಟದ್ದರಿಂದ ಆದ ಹಾನಿಯ ಮಟ್ಟಿಗೆ ಮಾತ್ರ ಕೈ ಬಿಡಬಹುದು. ಆ ಆದೇಶ ಮೇಲ್ಮನವಿ, ತಡೆಯಾಜ್ಞೆಗಳ ಹಾದಿ ಹಿಡಿಯಿತು, ಕಂಪನಿಗಳ ವಾರಂಟಿ ಪುಸ್ತಕಗಳ ಭಾಷೆ ಹೆಚ್ಚೇನೂ ಮೆತ್ತಗಾಗಲಿಲ್ಲ. ಆದರೂ ವಾದದ ದಾರಿ ಅದೇ: ಈ ಫಿಲ್ಟರಿನಿಂದ ಈ ಹಾನಿ ಆಯಿತೇ?

ಹಾಗಾಗಿ ಕಾಗದದ ಒಳ್ಳೆಯ ಫಿಲ್ಟರ್ ಹಾಕಿದ ಕಾರಿನ ಪವರ್ ವಿಂಡೋ, ಎಸಿ, ಸ್ಟೀರಿಂಗ್ ಇವುಗಳ ಕ್ಲೇಮನ್ನು ಏರ್ ಫಿಲ್ಟರ್ ನೆಪದಲ್ಲಿ ತಳ್ಳಿದ್ದನ್ನು ನಾನು ಕಂಡಿಲ್ಲ. ತಗಾದೆ ಏಳುವುದು ಟರ್ಬೊ, ಪಿಸ್ಟನ್, ರಿಂಗು, ಗಾಳಿ ಅಳೆಯುವ ಸೆನ್ಸರ್ ಇವುಗಳಲ್ಲಿ. ಅಲ್ಲಿ ಕೂಡ ಶೋರೂಮಿನವರು ನೇರವಾಗಿ "ಇಲ್ಲ" ಅನ್ನುವುದು ಅಪರೂಪ. ಜಾಬ್ ಕಾರ್ಡಿನಲ್ಲಿ ಎಂದೋ ಒಂದು ದಿನ "ನಾನ್ ಜೆನ್ಯೂನ್ ಏರ್ ಫಿಲ್ಟರ್" ಅಂತ ಒಂದು ಸಾಲು ಬರೆದಿರುತ್ತಾರೆ, ಕೆಳಗೆ ನಿಮ್ಮ ಸಹಿ ಇರುತ್ತದೆ. ಎರಡು ವರ್ಷದ ಮೇಲೆ ಟರ್ಬೊ ಹೋದಾಗ ಆ ಸಾಲಿಗೆ ಜೀವ ಬರುತ್ತದೆ. ಸಹಿ ಮಾಡುವ ಮೊದಲು ಓದಿ. ಆ ಸಾಲು ಇದ್ದರೆ ಪಕ್ಕದಲ್ಲೇ ಫಿಲ್ಟರ್ ಯಾವ ಕಂಪನಿಯದು, ಸ್ಥಿತಿ ಹೇಗಿದೆ ಎಂದೂ ಬರೆಸಿ. ಅಡ್ವೈಸರ್ ಆಗಿದ್ದಾಗ ಹಾಗೆ ಬರೆಸುವ ಗಿರಾಕಿಗಳು ನನಗೂ ಬೇಸರ ತರಿಸುತ್ತಿದ್ದರು. ಅವರ ಕ್ಲೇಮುಗಳು ಮಾತ್ರ ಸಲೀಸಾಗಿ ಪಾಸಾಗುತ್ತಿದ್ದವು.

5. ಕಂಪನಿಯವನು ಬಂದು ಏನು ನೋಡುತ್ತಾನೆ ತಿಳಿದುಕೊಳ್ಳಿ

ದೊಡ್ಡ ಕ್ಲೇಮಿಗೆ ಕಂಪನಿಯ ಟೆಕ್ನಿಕಲ್ ಮನುಷ್ಯ ಬರುತ್ತಾನೆ. ಗಣಿ ಗುತ್ತಿಗೆದಾರರೊಬ್ಬರ ಡೀಸೆಲ್ ಎಸ್‌ಯುವಿಯನ್ನು ಹಾಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಮೊದಲು ಫಿಲ್ಟರ್ ಮುಟ್ಟಲೇ ಇಲ್ಲ. ಏರ್ ಬಾಕ್ಸಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಕಳಚಿ, ಬಿಳಿ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿ ಒಳಗೆ ಒಂದು ಸುತ್ತು ಹಾಕಿದ. ಬಟ್ಟೆ ಕುಂಕುಮದಷ್ಟು ಕೆಂಪಾಗಿ ಬಂತು. ಆಮೇಲೆ ಟಾರ್ಚ್ ಹಿಡಿದು ಕಂಪ್ರೆಸರ್ ಚಕ್ರ ನೋಡಿದ. ಹೊಸದರಲ್ಲಿ ಬ್ಲೇಡಿನ ಅಂಚು ಚೂಪಾಗಿ, ನೇರವಾಗಿ ಇರುತ್ತದೆ. ಇದರಲ್ಲಿ ಅಂಚೆಲ್ಲ ತಿಂದು ಮೊಂಡಾಗಿ, ಮರಳು ಕಾಗದದಲ್ಲಿ ಉಜ್ಜಿದ ಮೇಲ್ಮೈ. ಹೊರಗಿಂದ ಏನೋ ಬಡಿದು ಮುರಿದರೆ ಬ್ಲೇಡು ಬಾಗುತ್ತದೆ, ಚಕ್ಕೆ ಹಾರುತ್ತದೆ. ಧೂಳು ತಿಂದರೆ ಸಮನಾಗಿ ತೆಳ್ಳಗಾಗುತ್ತದೆ. ಕೊನೆಗೆ ಆಯಿಲ್ ಸ್ಯಾಂಪಲ್ ಒಂದು ಬಾಟಲಿಗೆ ಹಿಡಿದ. ಹಳೆಯ ಆಯಿಲ್‌ನಲ್ಲಿ ಸಿಲಿಕಾನ್ ಮತ್ತು ಕಬ್ಬಿಣ ಎರಡೂ ಒಟ್ಟಿಗೆ ಏರಿದ್ದರೆ ಧೂಳು ಒಳಗೆ ಹೋಗಿ ಲೋಹ ಸವೆಸಿದೆ ಎಂದೇ ಲೆಕ್ಕ. ಗಣಿಯ ಡಂಪರುಗಳಿಗೆ ಈ ಪರೀಕ್ಷೆ ಮಾಮೂಲು.

"ಸಾಹುಕಾರ್ರೇ, ಫಿಲ್ಟರ್ ಕಡೆ ಯಾವಾಗ ತೊಳಿಸಿದ್ರಿ?" ಎಂದು ಕೇಳಿದ. ಅವರು ಡ್ರೈವರ್ ಮುಖ ನೋಡಿದರು. ಹತ್ತಿಯ ಫಿಲ್ಟರ್ ತೊಳೆದಿದ್ದ ಡ್ರೈವರ್ ಎಣ್ಣೆ ಹಾಕಿರಲೇ ಇಲ್ಲ. ಎಣ್ಣೆ ಇಲ್ಲದ ಹತ್ತಿಗೆ ಸಣ್ಣ ಧೂಳು ಹಿಡಿಯುವ ಶಕ್ತಿ ಇಲ್ಲ. ಕ್ಲೇಮ್ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ.

ಎಣ್ಣೆ ಹೆಚ್ಚಾದರೆ ಇನ್ನೊಂದು ತೊಂದರೆ. ಬಿಸಿ ತಂತಿಯಿಂದ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮೇಲೆ ಆ ಎಣ್ಣೆ ಕೂತು ಅಳತೆ ತಪ್ಪುತ್ತದೆ. ಡೀಸೆಲ್ ಗಾಡಿಗಳಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಅನೇಕಕ್ಕೆ ಈ ಸೆನ್ಸರೇ ಇಲ್ಲ, ಒತ್ತಡ ಅಳೆಯುವ ಎಂಎಪಿ ಇರುತ್ತದೆ, ಹಾಗಾಗಿ ಅವಕ್ಕೆ ಈ ಭಯ ಇಲ್ಲ.

6. ಎಕ್ಸ್‌ಟೆಂಡೆಡ್ ವಾರಂಟಿ ಬೇರೆಯೇ ಕಾಗದ

ಕಂಪನಿ ಕೊಡುವ ಮೂಲ ವಾರಂಟಿ ಮುಗಿದ ಮೇಲೆ ದುಡ್ಡು ಕೊಟ್ಟು ಕೊಂಡದ್ದಕ್ಕೆ ಅದರದೇ ಷರತ್ತು. ಎಷ್ಟೋ ಸಲ ಹಿಂದೆ ಇರುವುದು ವಿಮೆ ಕಂಪನಿ. ಮಾರ್ಪಾಡು, ಸರ್ವಿಸ್ ತಪ್ಪಿದ್ದು, ಹೊರಗಿನ ಭಾಗ ಇವುಗಳ ಪಟ್ಟಿ ಅಲ್ಲಿ ಉದ್ದ. ಆ ಅವಧಿಯಲ್ಲಿ ಕಂಪನಿ ಡಬ್ಬಿಯ ಫಿಲ್ಟರ್ ಹಾಕಿಸಿ ಸುಮ್ಮನಿರಿ. ಉಳಿಯುವ ಇನ್ನೂರು ರೂಪಾಯಿಗೆ ಆ ಜಗಳ ಬೇಡ.

7. ಫಿಲ್ಟರಿಗಿಂತ ಅದರ ಅಂಚು ಮುಖ್ಯ

ಲೋಕಲ್ ಮಾಲಿನ ನಿಜವಾದ ದೋಷ ಕಾಗದದಲ್ಲಿಲ್ಲ, ಸುತ್ತಲಿನ ಪಿಯು (ಪಾಲಿಯುರೆಥೇನ್) ಗ್ಯಾಸ್ಕೆಟ್ಟಿನಲ್ಲಿದೆ. ಒಂದು ಮಿಲಿಮೀಟರ್ ಕಡಿಮೆ ಇದ್ದರೆ, ಗಟ್ಟಿಯಾಗಿದ್ದರೆ, ಗಾಳಿ ಕಾಗದದ ಗೊಡವೆಗೇ ಹೋಗದೆ ಸಂದಿಯಿಂದ ನುಗ್ಗುತ್ತದೆ. ಪರೀಕ್ಷೆ ಸುಲಭ: ಹೊಸ ಫಿಲ್ಟರ್ ಹಾಕುವಾಗ ಏರ್ ಬಾಕ್ಸಿನ ಮೇಲಿನ, ಅಂದರೆ ಎಂಜಿನ್ ಕಡೆಯ ಅರ್ಧದಲ್ಲಿ, ಗ್ಯಾಸ್ಕೆಟ್ ಕೂರುವ ಗೆರೆಯ ಒಳಗೆ ಬೆರಳಿನಿಂದ ತೆಳ್ಳಗೆ ಗ್ರೀಸ್ ಹಚ್ಚಿ. ಒಂದು ವಾರ ಓಡಿಸಿ ತೆಗೆದು ನೋಡಿ. ಗ್ರೀಸ್ ಚೊಕ್ಕವಾಗಿದ್ದರೆ ಸೀಲ್ ಸರಿ. ಎಲ್ಲೋ ಒಂದು ಕಡೆ ಕೆಂಪು ಗೆರೆ ಮೂಡಿದ್ದರೆ ಅಲ್ಲೇ ಸಂದಿ. ಕ್ಲಿಪ್ ಮುರಿದ ಏರ್ ಬಾಕ್ಸಿಗೆ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ದಂಡ.

8. ಪದೇ ಪದೇ ಬಿಚ್ಚಬೇಡಿ

ನಮ್ಮೂರಲ್ಲಿ ಪೆಟ್ರೋಲ್ ಬಂಕಿಗೆ ಹೋದಾಗಲೆಲ್ಲ ಫಿಲ್ಟರ್ ತೆಗೆದು ಕಂಪ್ರೆಸರ್ ಗಾಳಿ ಹೊಡೆಸುವ ಚಾಳಿ ಇದೆ. ಮೂತಿ ಹತ್ತಿರ ಹಿಡಿದು ಜೋರಾಗಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಡೆಯಲೇಬೇಕಿದ್ದರೆ ಕಡಿಮೆ ಒತ್ತಡದಲ್ಲಿ, ದೂರದಿಂದ, ಚೊಕ್ಕ ಕಡೆಯಿಂದ ಧೂಳಿನ ಕಡೆಗೆ. ಕಾಗದದ ಫಿಲ್ಟರಿಗೆ ನೀರು ಮುಟ್ಟಿಸಬಾರದು. ಕೈಪಿಡಿಯಲ್ಲಿ ಧೂಳಿನ ರಸ್ತೆಗೆಂದೇ ಬೇರೆ ಪಟ್ಟಿ ಇರುತ್ತದೆ, ಬಳ್ಳಾರಿ ಜಿಲ್ಲೆಯವರು ಓದಬೇಕಾದದ್ದು ಅದನ್ನು. ಟ್ರ್ಯಾಕ್ಟರು, ಲಾರಿಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಕೆಂಪು ತೋರಿಸುವ ಇಂಡಿಕೇಟರ್ ಇರುತ್ತದೆ, ಅದು ಹೇಳುವ ತನಕ ಕೈ ಹಾಕದವರ ಎಂಜಿನ್ನುಗಳೇ ಹೆಚ್ಚು ಬಾಳಿದ್ದನ್ನು ನೋಡಿದ್ದೇನೆ.

9. ಹಾಗಾದರೆ ಯಾರು ಹಾಕಿಸಬೇಕು?

ಹತ್ತಿಯ ಫಿಲ್ಟರ್: ವಾರಂಟಿ ಮುಗಿದಿರಬೇಕು, ಗಾಡಿ ಡಾಂಬರಿನ ಮೇಲೆ ಓಡಬೇಕು, ತೊಳೆದು ಒಣಗಿಸಿ ಅಳತೆ ಮಾಡಿ ಎಣ್ಣೆ ಹಾಕುವ ತಾಳ್ಮೆ ಮಾಲೀಕನಿಗೇ ಇರಬೇಕು, ಡ್ರೈವರಿಗಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ನಾನು ಹಾಕಿಕೊಡುವುದಿಲ್ಲ, ಲಾಭ ಹೆಚ್ಚಿರುವ ಮಾಲೇ ಆದರೂ. ಏರ್ ಬಾಕ್ಸನ್ನೇ ಕಿತ್ತು ಹಾಕುವ ಕೋನ್ ಫಿಲ್ಟರಂತೂ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ದುಡ್ಡು ಕೊಟ್ಟು ಪಿಕಪ್ಪು ಕಳೆದುಕೊಳ್ಳುವ ಕೆಲಸ.

ಫಿಲ್ಟರ್ ಕಂಪನಿಯ ಕಾಗದದ ಫಿಲ್ಟರ್: ವಾರಂಟಿಯಲ್ಲಿದ್ದರೂ ಹಾಕಿಸಿ, ಆದರೆ ಪಾರ್ಟ್ ನಂಬರ್ ತಾಳೆ ನೋಡಿ, ಜಿಎಸ್‌ಟಿ ಬಿಲ್ ಇರುವ ಅಂಗಡಿಯಲ್ಲಿ ಕೊಳ್ಳಿ. ಕಂಪನಿ ಡಬ್ಬಿಯ ನಕಲಿ ಮಾಲೂ ಬರುತ್ತದೆ, ಮಡಿಕೆಗಳು ಸೊಟ್ಟಗಿದ್ದರೆ, ಅಂಟು ಎಲ್ಲೆಂದರಲ್ಲಿ ಸುರಿದಿದ್ದರೆ ವಾಪಸ್ ಕೊಡಿ. ಬಿಲ್ಲು, ಡಬ್ಬಿ, ಹಾಕಿದ ದಿನದ ಓಡೋಮೀಟರ್ ಮೂರನ್ನೂ ಒಂದೇ ಫೋಟೊದಲ್ಲಿ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ಶೋರೂಮಿನವರು ಕ್ಲೇಮ್ ತಳ್ಳಿದರೆ ಬಾಯಿಮಾತು ಒಪ್ಪಬೇಡಿ, ಫಿಲ್ಟರಿನಿಂದ ಹಾನಿ ಹೇಗಾಯಿತೆಂದು ಬರೆದು ಕೊಡಲು ಕೇಳಿ. ಬರೆದು ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.