ದೀರ್ಘಾಯುಷಿ ಭೂವೀಕ್ಷಣಾ ಉಪಗ್ರಹಗಳು ಮತ್ತು ಭೂನಿಯಂತ್ರಣ ವ್ಯವಸ್ಥೆಯ ನವೀಕರಣ

ನಾಸಾ ಸಂಸ್ಥೆಯು 1999ರ ಡಿಸೆಂಬರ್ 18ರಂದು ಉಡಾಯಿಸಿದ ಟೆರಾ ಮತ್ತು 2002ರ ಮೇ 4ರಂದು ಉಡಾಯಿಸಿದ ಆಕ್ವಾ ಉಪಗ್ರಹಗಳನ್ನು ಸುಮಾರು 6 ವರ್ಷಗಳ ಸೇವೆಗೆಂದು ರೂಪಿಸಲಾಗಿತ್ತಾದರೂ, ಅವು ಎರಡು ದಶಕಗಳನ್ನು ಮೀರಿ ದತ್ತಾಂಶ ಕಳುಹಿಸಿದವು. ಇವುಗಳ ನಿಯಂತ್ರಣ ಮೇರಿಲ್ಯಾಂಡ್ ರಾಜ್ಯದ ಗೊಡ್ಡಾರ್ಡ್ ಬಾಹ್ಯಾಕಾಶ ಕೇಂದ್ರದಲ್ಲಿದೆ.

ಉಪಗ್ರಹಕ್ಕೆ ಆದೇಶ ರವಾನಿಸುವ, ಅದರ ಬ್ಯಾಟರಿ, ಉಷ್ಣತೆ ಮೊದಲಾದವುಗಳ ಸ್ಥಿತಿಯನ್ನು ತಿಳಿಸುವ ದೂರಮಾಪನ ಸಂಕೇತಗಳನ್ನು ಓದುವ ಮತ್ತು ಚಿತ್ರಗಳನ್ನು ಸಂಸ್ಕರಿಸುವ ಏರ್ಪಾಡುಗಳೆಲ್ಲ ಸೇರಿ ಭೂವಿಭಾಗ ಎನಿಸುತ್ತವೆ. ಕಕ್ಷೆಯಲ್ಲಿರುವ ಯಂತ್ರಾಂಶವನ್ನು ಬದಲಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಆದರೆ ಇಷ್ಟು ದೀರ್ಘ ಸೇವಾವಧಿಯಲ್ಲಿ ನೆಲದ ಕಂಪ್ಯೂಟರುಗಳಿಗೆ ಬಿಡಿಭಾಗಗಳು ಸಿಗದಂತಾಗುತ್ತವೆ, ಕಾರ್ಯಾಚರಣಾ ತಂತ್ರಾಂಶಕ್ಕೆ ಭದ್ರತಾ ಪರಿಷ್ಕರಣೆ ನಿಲ್ಲುತ್ತದೆ, ಅದನ್ನು ಬರೆದ ತಜ್ಞರು ನಿವೃತ್ತರಾಗುತ್ತಾರೆ. ಈ ಕೊನೆಯ ನಷ್ಟವೇ ಬಹುಶಃ ಅತ್ಯಂತ ದುಬಾರಿಯಾದುದು. ಆದ್ದರಿಂದ ಹಳೆಯ ತಂತ್ರಾಂಶವನ್ನು ಹೊಸ ಸರ್ವರುಗಳಲ್ಲಿ ಕಲ್ಪಿತ ಯಂತ್ರಗಳ ಮೂಲಕ, ಅಂದರೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದೊಳಗೆ, ನಡೆಸುವುದುಂಟು. ಹೊಸ ವ್ಯವಸ್ಥೆಯು ಮೊದಲು ಸಂಕೇತಗಳನ್ನು ಕೇವಲ ಸ್ವೀಕರಿಸುತ್ತ ಹಳೆಯದರೊಂದಿಗೆ ಜೊತೆಜೊತೆಯಾಗಿ ನಡೆದು, ಎರಡರ ಫಲಿತಾಂಶಗಳೂ ತಾಳೆಯಾದ ಬಳಿಕವಷ್ಟೇ ಆದೇಶ ನೀಡುವ ಅಧಿಕಾರ ಪಡೆಯುತ್ತದೆ.

ಭಾರತದಲ್ಲಿ ಭೂವಿಭಾಗದ ಕೆಲಸಗಳು ಹಂಚಿಕೆಯಾಗಿವೆ: ದೂರಸಂವೇದಿ ಉಪಗ್ರಹಗಳ ನಿಯಂತ್ರಣವನ್ನು ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರವು ನಿರ್ವಹಿಸಿದರೆ, ದತ್ತಾಂಶ ಸ್ವೀಕಾರ ಮತ್ತು ಸಂಸ್ಕರಣೆಯು ತೆಲಂಗಾಣದ ಶಾದನಗರದಲ್ಲಿ, ಹಲವು ಉಪಗ್ರಹಗಳಿಗೆ ಒಂದೇ ಏರ್ಪಾಡನ್ನು ಒದಗಿಸುವ ಇಮ್‌ಜಿಯೋಸ್ ವ್ಯವಸ್ಥೆಯಡಿ ನಡೆಯುತ್ತದೆ.