ಕಿಟಕಿ ಆಮೇಲೆ, ಮೊದಲು ಹಡಗಿನ ನಡು

ಪ್ರಶ್ನೆ: ಈ ಬೇಸಿಗೆ ರಜೆಗೆ ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಮನೆಮಂದಿಯೆಲ್ಲ ಹೋಗಿಬರೋಣ ಅಂದುಕೊಂಡಿದ್ದೇವೆ. ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ. ನಾವು ಗಂಡ ಹೆಂಡತಿ, ಜೊತೆಗೆ ಹನ್ನೊಂದು ವರ್ಷದ ಮಗ, ಎಂಟು ವರ್ಷದ ಮಗಳು. ಏಜೆಂಟರು ಇಂಟೀರಿಯರ್, ಓಷನ್ ವ್ಯೂ, ಸೂಟ್ ಅಂತ ಪಟ್ಟಿ ಕಳಿಸಿದ್ದಾರೆ, ದರದಲ್ಲಿ ಅಜಗಜಾಂತರ. ನಾವು ಬೋಟು ಹತ್ತಿರುವುದು ಕಬಿನಿ ಹಿನ್ನೀರಿನಲ್ಲಿ ಮಾತ್ರ. ಯಾವ ಕೋಣೆ ತೆಗೆದುಕೊಳ್ಳಬೇಕು?
— ಓದುಗರೊಬ್ಬರು, ಚುಂಚನಕಟ್ಟೆ

ಉತ್ತರ: ಕೆಳಗಿನ ಡೆಕ್‌ನಲ್ಲಿ, ಹಡಗಿನ ಉದ್ದಕ್ಕೆ ಸರಿಯಾಗಿ ನಡುಮಧ್ಯದಲ್ಲಿ, ಅಕ್ಕಪಕ್ಕದ ಎರಡು ಕೋಣೆ ತೆಗೆದುಕೊಳ್ಳಿ. ಕಿಟಕಿ ಇದ್ದರೆ ಸಂತೋಷ, ಇಲ್ಲದಿದ್ದರೂ ನಷ್ಟವಿಲ್ಲ. ಏಜೆಂಟರ ಪಟ್ಟಿ ಕೋಣೆಯ ಜಾತಿಯನ್ನು ಹೇಳುತ್ತದೆಯೇ ಹೊರತು ಅದು ಹಡಗಿನ ಯಾವ ಜಾಗದಲ್ಲಿದೆ ಎಂಬುದನ್ನು ಹೇಳುವುದಿಲ್ಲ. ನಿಮ್ಮಂಥ ಕುಟುಂಬಕ್ಕೆ ಬೇಕಾದದ್ದು ಆ ಎರಡನೆಯ ಸಂಗತಿ.

ನೀವು ಹೇಳುತ್ತಿರುವುದು ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಇರಬೇಕು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ 2021ರ ಸೆಪ್ಟೆಂಬರಿನಿಂದ ಓಡಾಡುತ್ತಿದೆ. ಹಡಗು ಮಾತ್ರ ಹೊಸದಲ್ಲ. ಫ್ರಾನ್ಸಿನಲ್ಲಿ ಕಟ್ಟಿದ್ದು, 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಲ್ಲಿ ಯಾನ ಶುರುಮಾಡಿ ಅಮೆರಿಕದವರನ್ನು ತಿರುಗಾಡಿಸಿ, ಕೈ ಬದಲಾಗಿ ನಮ್ಮ ಕಡಲಿಗೆ ಬಂದಿದೆ. ಹಳೆಯದು ಎಂದು ಮೂಗು ಮುರಿಯಬೇಕಿಲ್ಲ. ಆದರೆ ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳು ಕೆಲವೇ, ಉಳಿದವು ತೀರ ಚಿಕ್ಕವು ಎಂಬುದು ನೆನಪಿರಲಿ. ಸಾಧಾರಣ ಕೋಣೆ ನೂರಿಪ್ಪತ್ತು ಚದರ ಅಡಿಯ ಆಸುಪಾಸು, ಅದರಲ್ಲೇ ಬಚ್ಚಲು, ಬೀರು ಎಲ್ಲ. ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ನಂಬಬೇಡಿ.

ನಡುವೇ ಏಕೆ ಎಂದರೆ, ಹಡಗಿನ ಉದ್ದ ಸುಮಾರು 211 ಮೀಟರ್. ಎದುರಿನಿಂದ ಅಲೆ ಬಂದಾಗ ಮೂತಿ ಮೇಲೇಳುತ್ತದೆ, ಹಿಂಬದಿ ಕೆಳಗಿಳಿಯುತ್ತದೆ; ಮರುಗಳಿಗೆ ಅದೇ ತಿರುಗಾಮುರುಗಾ. ಒಂದೇ ಒಂದು ಡಿಗ್ರಿ ಏರಿದರೂ ತುತ್ತತುದಿಯಲ್ಲಿ ಮಲಗಿದವರು ಆರು ಅಡಿ ಮೇಲೆ ಹೋಗಿ ಬಂದಿರುತ್ತಾರೆ. ನಡುವಿನಲ್ಲಿ ಮಲಗಿದವರಿಗೆ ಇದು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಇನ್ನು ಅಕ್ಕಪಕ್ಕಕ್ಕೆ ಓಲಾಡುವುದಿದೆಯಲ್ಲ, ಅದು ಎತ್ತರಕ್ಕೆ ಹೋದಷ್ಟೂ ಹೆಚ್ಚು. ಓಲಾಟ ತಗ್ಗಿಸಲು ಹಡಗಿನ ಹೊಟ್ಟೆಯ ಎರಡೂ ಬದಿಗೆ ರೆಕ್ಕೆಗಳಿರುತ್ತವೆ. ಮೂತಿ ಏಳುಬೀಳುವುದನ್ನು ತಡೆಯಲು ಅವುಗಳಿಂದ ಆಗುವುದಿಲ್ಲ. ಹಾಗಾಗಿ ದುಬಾರಿ ಎಂದ ಮಾತ್ರಕ್ಕೆ ಎತ್ತರದ ಡೆಕ್‌ನ ಮುಂತುದಿಯ ಸೂಟ್ ನಿಮ್ಮ ತಾಯಿಯವರಿಗೆ ಸುಖ ಕೊಡುತ್ತದೆ ಅನ್ನಲಾಗದು. ಕಬಿನಿ ಹಿನ್ನೀರಿನಲ್ಲಿ ವಾಂತಿ ಬರಲಿಲ್ಲ ಎಂಬ ಧೈರ್ಯವೂ ಬೇಡ, ಅಲ್ಲಿ ಕಡಲಿನ ಅಲೆ ಇಲ್ಲ. ಬಸ್ಸಿನಲ್ಲಿ ಮಡಿಕೇರಿ ಘಾಟಿ ಹತ್ತುವಾಗ ಹೊಟ್ಟೆ ತೊಳಸುವವರಿದ್ದರೆ ಮೊದಲೇ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಸಂಕಟವಾದಾಗ ಕೋಣೆಯೊಳಗೆ ಕೂರದೆ ತೆರೆದ ಡೆಕ್‌ಗೆ ಬಂದು ದೂರದ ದಿಗಂತ ನೋಡುತ್ತಿದ್ದರೆ ಎಷ್ಟೋ ಸಮಾಧಾನ.

ಎರಡನೆಯದು ಸದ್ದು. ನಿಮ್ಮೂರಿನ ಕೋದಂಡರಾಮನ ಗರ್ಭಗುಡಿಗೆ ಹೋದರೆ ಪಕ್ಕದಲ್ಲೇ ಧುಮುಕುವ ಕಾವೇರಿಯ ಭೋರ್ಗರೆತ ಕೇಳಿಸುವುದಿಲ್ಲ ಅನ್ನುತ್ತಾರೆ. ಹಡಗಿನಲ್ಲಿ ಅಂಥ ಪವಾಡವಿಲ್ಲ. ಹಿಂಬದಿಯ ಕೆಳಡೆಕ್ಕಿಗೆ ಎಂಜಿನ್ನಿನ ಅದುರು, ಮುಂಬದಿಗೆ ಲಂಗರಿನ ಸರಪಳಿಯ ಸದ್ದು. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವದಿಂದ ಕುರ್ಚಿ ಎಳೆಯುವ ಕಿರಿಕಿರಿ. ಕಾಲ ಕೆಳಗೆ ನಾಟಕಶಾಲೆಯೋ ಕ್ಯಾಸಿನೊವೋ ಇದ್ದರೆ ನಡುರಾತ್ರಿವರೆಗೆ ಹಾಡು ಕುಣಿತದ ಗದ್ದಲ. ಪ್ರತಿ ಹಡಗಿಗೂ ಡೆಕ್ ಪ್ಲ್ಯಾನ್ ಎಂಬ ನಕ್ಷೆ ಇರುತ್ತದೆ, ಅದನ್ನು ಕಳಿಸಿ ಎಂದು ಏಜೆಂಟರಿಗೆ ಹೇಳಿ. ನಿಮ್ಮ ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೂ ಕೆಳಗೂ ಬರೀ ಕೋಣೆಗಳೇ ಇದ್ದರೆ ಕಣ್ಣುಮುಚ್ಚಿ ಹಿಡಿಯಿರಿ. ಲಿಫ್ಟು ಹತ್ತಿರದಲ್ಲಿರಲಿ, ಆದರೆ ಎದುರಿಗೇ ಬೇಡ. ನಾಲ್ಕೈದು ಬಾಗಿಲು ಆಚೆ ಸಾಕು.

ಈಗ ಯಾರು ಎಲ್ಲಿ ಮಲಗಬೇಕು? ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಮೂರನೆಯ, ನಾಲ್ಕನೆಯವರಿಗೆ ದರ ಕಡಿಮೆ. ಅದಕ್ಕೇ ನಿಮ್ಮ ನಾಲ್ವರನ್ನು ಒಂದರಲ್ಲಿ ತುಂಬಿ, ಅಜ್ಜಿ ತಾತನಿಗೆ ಇನ್ನೊಂದು ಕೊಡೋಣ ಎನ್ನುವ ಸಲಹೆ ಬಂದೀತು. ಬೇಡ. ಮೂರನೆಯ, ನಾಲ್ಕನೆಯ ಹಾಸಿಗೆ ಎಂದರೆ ರೈಲಿನ ಬರ್ತಿನಂತೆ ಗೋಡೆಯಿಂದ ಬಿಚ್ಚಿಕೊಳ್ಳುವ ಮೇಲ್ಮಂಚ. ಎರಡೂ ಇಳಿದವೆಂದರೆ ಕೋಣೆಯಲ್ಲಿ ಸೂಟ್‌ಕೇಸ್ ತೆರೆಯಲೂ ಜಾಗವಿಲ್ಲ. ಮೂರು ಮೂರು ಜನ ಹಂಚಿಕೊಳ್ಳಿ. ಹನ್ನೊಂದರ ಹುಡುಗ ತಾತನ ಕೋಣೆಯ ಮೇಲ್ಮಂಚ ಹತ್ತಲಿ, ರಾತ್ರಿ ಏನಾದರೂ ಬೇಕಾದರೆ ಅಲ್ಲೊಬ್ಬ ಆಳೂ ಇದ್ದಂತಾಯಿತು. ನಡುವೆ ಬಾಗಿಲಿರುವ ಜೋಡಿಕೋಣೆ ಸಿಕ್ಕರೆ ಇನ್ನೂ ಒಳ್ಳೆಯದು. ಬಚ್ಚಲ ಹೊಸ್ತಿಲು ಎತ್ತರವಿದೆಯೇ, ಹಿಡಿಕೆ ಇದೆಯೇ, ಪಾಯಿಖಾನೆಯಲ್ಲಿ ನೀರಿನ ಜೆಟ್ ಇದೆಯೇ ಎಂದು ಸಂಕೋಚಪಡದೆ ಕೇಳಿ. ಎಪ್ಪತ್ತು ದಾಟಿದವರಿಗೆ ಸಮುದ್ರದ ನೋಟಕ್ಕಿಂತ ಇದು ಮುಖ್ಯ.

ಕಿಟಕಿಯ ವಿಷಯ ಎರಡೇ ಮಾತು. ಓಷನ್ ವ್ಯೂ ಕಿಟಕಿ ತೆರೆಯುವುದಿಲ್ಲ, ಗಾಳಿ ಬರುವುದಿಲ್ಲ. ಕೆಲವಕ್ಕೆ ಲೈಫ್‌ಬೋಟು ಅಡ್ಡ ನಿಂತಿರುತ್ತದೆ. ಇಂಟೀರಿಯರ್ ಕೋಣೆಯಲ್ಲಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದ ಕತ್ತಲು, ಅದು ಅಮ್ಮನವರಿಗೆ ಉಸಿರು ಕಟ್ಟಿದಂತಾಗುವುದಾದರೆ ಅವರ ಕೋಣೆಗೆ ಮಾತ್ರ ಕಿಟಕಿ ಹಾಕಿಸಿ. ಬಾಲ್ಕನಿಯಂತೂ ಎಂಟು ವರ್ಷದ ಮಗಳ ಜೊತೆ ನಿಮಗೆ ಕಾವಲು ಕೆಲಸ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಸೂರ್ಯ ಮುಳುಗುವುದು ಬಲಗಡೆ, ವಾಪಸು ಬರುವಾಗ ಎಡಗಡೆ. ಅದನ್ನು ಮೇಲಿನ ಡೆಕ್‌ನಲ್ಲಿ ನಿಂತು ಪುಕ್ಕಟೆ ನೋಡಬಹುದು.

ಕೊಚ್ಚಿಯಿಂದ ಹೊರಡುವ ಲಕ್ಷದ್ವೀಪ ಆಡಳಿತದ 'ಎಂ.ವಿ. ಕವರಟ್ಟಿ' ಹಡಗಿನ 'ಸಮುದ್ರಂ' ಪ್ರವಾಸದ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಅಲ್ಲಿ ಡೈಮಂಡ್ ದರ್ಜೆಗೆ ಇಬ್ಬರ ಕೋಣೆ, ಗೋಲ್ಡ್ ದರ್ಜೆಗೆ ನಾಲ್ವರ ಕೋಣೆ; ಆಯ್ಕೆ ಸರಳ. ಆದರೆ ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗದೆ ದೂರ ನಿಲ್ಲುತ್ತದೆ, ತೂಗಾಡುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು. ನಿಮ್ಮ ತಂದೆತಾಯಿಗೆ ನಾನು ಅದನ್ನು ಹೇಳಲಾರೆ. ಎಂಪ್ರೆಸ್‌ನಲ್ಲಿ ಕೂಡ ಇದೇ ಕಾರಣಕ್ಕೆ ಲಕ್ಷದ್ವೀಪ ಬಿಟ್ಟು ಗೋವಾ ಯಾನ ಆರಿಸಿ. ಅಲ್ಲಿ ಮುರ್ಮುಗಾಂವ್ ಬಂದರಿನ ಕಟ್ಟೆಗೇ ಹಡಗು ತಾಗಿ ನಿಲ್ಲುತ್ತದೆ.

ದುಡ್ಡು ಕಟ್ಟುವ ಮುನ್ನ ಎರಡೂ ಕೋಣೆಗಳ ನಂಬರನ್ನು ಬರಹದಲ್ಲಿ ತರಿಸಿಕೊಳ್ಳಿ. 'ಆಮೇಲೆ ಅಲಾಟ್ ಆಗುತ್ತದೆ' ಎನ್ನುವ ಅಗ್ಗದ ಟಿಕೆಟ್ಟಿನಲ್ಲಿ ಒಬ್ಬರು ಮುಂತುದಿ, ಇನ್ನೊಬ್ಬರು ಹಿಂತುದಿ ಸೇರುವ ಸಂಭವವಿದೆ. ರಜೆ ಎಂದಿರಿ, ಆದಷ್ಟು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಯಾವ ಕೋಣೆಯೂ ಒಳ್ಳೆಯ ಕೋಣೆಯಲ್ಲ. ಅದಕ್ಕೇ 2022ರ ಜೂನ್‌ನಲ್ಲಿ ಇದೇ ಎಂಪ್ರೆಸ್ ಪೂರ್ವ ಕರಾವಳಿಗೆ ಹೋಗಿ ಚೆನ್ನೈಯಿಂದ ಯಾನ ಶುರುಮಾಡಿತ್ತು.